ಹದಿನೈದು ಸಾವಿರ ಡಾಲರಿನ ಇಡುಗಂಟು: ಸೇಂಟ್ ಫ್ರಾನ್ಸಿಸ್ ಹೈಸ್ಕೂಲಿನ 2017ರ ವಸಂತ

2017ರ ಮಾರ್ಚ್ 2ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ಸ್ನ್ಯಾಪ್‌ಚಾಟ್ ಆ್ಯಪ್‌ನ ಒಡೆತನದ ಸ್ನ್ಯಾಪ್ ಕಂಪನಿಯ ಷೇರುಗಳ ವಹಿವಾಟು ಆರಂಭವಾದಾಗ, ಅಂದು ಕೈತುಂಬ ಹಣ ಪಡೆದವರ ಸಾಲಿನಲ್ಲಿ ದೊಡ್ಡ ಬಂಡವಾಳಗಾರರ ಜೊತೆಗೆ ಒಂದು ಕ್ಯಾಥೊಲಿಕ್ ಹೈಸ್ಕೂಲೂ ಇತ್ತು. ಕ್ಯಾಲಿಫೋರ್ನಿಯಾದ ಸಿಲಿಕಾನ್ ಕಣಿವೆಯ ಮೌಂಟನ್ ವ್ಯೂ ಊರಿನ ಸೇಂಟ್ ಫ್ರಾನ್ಸಿಸ್ ಹೈಸ್ಕೂಲು 2012ರಲ್ಲಿ, ಸ್ನ್ಯಾಪ್‌ಚಾಟ್ ಆಗಷ್ಟೇ ಕಣ್ಣುಬಿಟ್ಟಿದ್ದ ಹೊತ್ತಿನಲ್ಲಿ, ಅದರಲ್ಲಿ 15,000 ಡಾಲರ್ ತೊಡಗಿಸಿತ್ತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು ಎಂಟು ಲಕ್ಷ ರೂಪಾಯಿ. ಐದು ವರ್ಷಗಳ ಅನಂತರ ಶಾಲೆ ತನ್ನ ಪಾಲಿನ ಮೂರನೇ ಎರಡರಷ್ಟನ್ನು, ಅಂದರೆ 14 ಲಕ್ಷ ಷೇರುಗಳನ್ನು, ತಲಾ 17 ಡಾಲರಿನಂತೆ ಮಾರಿತು. ಬಂದದ್ದು ಸುಮಾರು 2.4 ಕೋಟಿ ಡಾಲರ್. ರೂಪಾಯಿಯಲ್ಲಿ ಹೇಳುವುದಾದರೆ 160 ಕೋಟಿಯ ಆಸುಪಾಸು.

ಈ ಸುದ್ದಿ ಆಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಲಾಟರಿ ಹೊಡೆದ ಕಥೆಯಂತೆ ಪ್ರಕಟವಾಯಿತು. ಶಾಲೆಗಳು ಹಣವನ್ನು ಹೇಗೆ ಕೂಡಿಸುತ್ತವೆ, ಹೇಗೆ ಕಾಯುತ್ತವೆ, ಯಾರಿಗಾಗಿ ಖರ್ಚು ಮಾಡುತ್ತವೆ ಎಂಬುದನ್ನು ಬಹುಕಾಲದಿಂದ ಆಸಕ್ತಿಯಿಂದ ಗಮನಿಸುತ್ತ ಬಂದಿರುವ ನನಗೆ ಆ ಓದು ಸಾಲದೆನಿಸಿತು. ಹಣ ಬಂದದ್ದು ಮಾರ್ಚ್ ತಿಂಗಳಲ್ಲಿ. ಅಮೆರಿಕದ ಖಾಸಗಿ ಹೈಸ್ಕೂಲುಗಳಿಗೆ ಅದು ದೇಣಿಗೆ ಎತ್ತುವ ಕಾಲ. ಎರಡು ತಿಂಗಳು ಕಳೆದರೆ ಗ್ರ್ಯಾಜುಯೇಷನ್, ಅಂದರೆ ಹನ್ನೆರಡನೆಯ ತರಗತಿಯವರ ಬೀಳ್ಕೊಡುಗೆ. ಒಂದು ಶಾಲೆ ಊರಿನವರ ಮುಂದೆ ಕೈಯೊಡ್ಡುವ ಹೊತ್ತಿನಲ್ಲಿಯೇ ಅದರ ಮಡಿಲಿಗೆ ಕೋಟಿಗಟ್ಟಲೆ ಹಣ ಬಿದ್ದರೆ ಆ ಶಾಲೆ ಏನು ಮಾಡಬೇಕು, ಪೋಷಕರಿಗೆ ಏನು ಹೇಳಬೇಕು ಎಂಬುದು ಈ ಪ್ರಕರಣದಲ್ಲಿ ನಾನು ಪರಿಶೀಲಿಸಲು ಹೊರಟಿರುವ ಪ್ರಶ್ನೆ.

ವಸಂತದಲ್ಲೇ ಏಕೆ

ಅಮೆರಿಕದ ಬಹುತೇಕ ಶಾಲೆಗಳ ಲೆಕ್ಕದ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ಶುಲ್ಕ ಗೊತ್ತಾಗುವುದು ವಸಂತದ ಮೊದಲಿಗೆ. ಒಂಬತ್ತನೆಯ ತರಗತಿಗೆ ಪ್ರವೇಶ ಸಿಕ್ಕಿದೆಯೇ ಇಲ್ಲವೇ ಎಂಬ ಪತ್ರಗಳು ಈ ಭಾಗದ ಮನೆಗಳಿಗೆ ಬರುವುದು ಮಾರ್ಚ್ ತಿಂಗಳ ನಡುವಿನಲ್ಲಿ, ಮತ್ತು ಶುಲ್ಕ ಕಟ್ಟಲಾಗದ ಕುಟುಂಬಗಳಿಗೆ ಎಷ್ಟು ನೆರವು ಸಿಗುತ್ತದೆ ಎಂಬ ತೀರ್ಮಾನವೂ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಆಗುತ್ತದೆ. ಆದ್ದರಿಂದ ವಸಂತದಲ್ಲಿ ಕೂಡುವ ದೇಣಿಗೆಗೂ ಆಗಸ್ಟ್ ತಿಂಗಳಲ್ಲಿ ಶಾಲೆಯ ಬಾಗಿಲು ದಾಟುವ ಮಕ್ಕಳಿಗೂ ನೇರವಾದ ಸಂಬಂಧವಿದೆ. ಏಪ್ರಿಲ್‌ನಲ್ಲಿ ದೇಣಿಗೆಯ ಔತಣಕೂಟದ ಹಣ ಕಡಿಮೆಯಾದರೆ ಅದರ ಪೆಟ್ಟು ತಗಲುವುದು ಯಾವುದೋ ಒಂದು ಮನೆಯ ಹದಿನಾಲ್ಕು ವರ್ಷದ ಹುಡುಗಿಗೆ.

ದೇಣಿಗೆ ಎತ್ತುವ ಬಗೆ ಹೀಗಿರುತ್ತದೆ. ಸಂಜೆಯ ಔತಣ, ಅದರ ಜೊತೆಗೆ ಹರಾಜು. ಪೋಷಕರೇ ಕೊಟ್ಟ ವಸ್ತುಗಳನ್ನು, ಸಮುದ್ರದಂಡೆಯ ಮನೆಯಲ್ಲಿ ಒಂದು ವಾರದ ವಾಸವನ್ನು, ಪ್ರಾಂಶುಪಾಲರೊಡನೆ ಊಟವನ್ನು ಕೂಗಿ ಮಾರುತ್ತಾರೆ. ಕೊನೆಗೆ ಯಾವ ವಸ್ತುವನ್ನೂ ಇಡದೆ, ಶುಲ್ಕ ನೆರವಿಗೆಂದೇ ಹಣ ಕೇಳುವ ಒಂದು ಸುತ್ತು ನಡೆಯುತ್ತದೆ. ಸಂಖ್ಯೆ ಬರೆದ ಹಲಗೆಯನ್ನು ಎತ್ತಿದವರು ಅಷ್ಟು ಹಣ ಕೊಡಲು ಒಪ್ಪಿದಂತೆ. ಸಾಮಾನ್ಯವಾಗಿ ಸಂಜೆಯ ಹೆಚ್ಚಿನ ಗಳಿಕೆ ಬರುವುದು ಈ ಸುತ್ತಿನಿಂದಲೇ. ಲೆಕ್ಕದಲ್ಲಿ ಕಟ್ಟುನಿಟ್ಟೂ ಇದೆ. 200 ಡಾಲರಿನ ಟಿಕೆಟಿನಲ್ಲಿ ಊಟದ ಬೆಲೆ 80 ಡಾಲರ್ ಎಂದಾದರೆ ತೆರಿಗೆಯ ದೃಷ್ಟಿಯಲ್ಲಿ ದೇಣಿಗೆ ಎನಿಸುವುದು ಉಳಿದ 120 ಮಾತ್ರ. ಹೀಗೆ ಪ್ರತಿಯಾಗಿ ಏನನ್ನಾದರೂ ಪಡೆದು ಕೊಟ್ಟ ಹಣ 75 ಡಾಲರ್ ಮೀರಿದರೆ ಶಾಲೆ ಈ ವಿಂಗಡಣೆಯನ್ನು ಬರಹದಲ್ಲಿ ತಿಳಿಸಬೇಕೆಂಬ ನಿಯಮವಿದೆ. ಮಗುವಿನ ಶುಲ್ಕವಂತೂ ದೇಣಿಗೆಯೇ ಅಲ್ಲ.

ಕರ್ನಾಟಕದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಶಾಲೆಯ ಮಾತಿನಲ್ಲಿ 'ಡೊನೇಷನ್' ಎಂದರೆ ಸೀಟಿಗಾಗಿ ತೆರಬೇಕಾದ ಹಣ ಎಂಬ ಅರ್ಥವೇ ಬೇರೂರಿದೆ. ಅದನ್ನು ತಡೆಯಲೆಂದೇ ರಾಜ್ಯವು 1984ರಲ್ಲಿ ಕ್ಯಾಪಿಟೇಶನ್ ಶುಲ್ಕ ನಿಷೇಧ ಕಾಯ್ದೆಯನ್ನು ತಂದಿತು. ಸಿಲಿಕಾನ್ ಕಣಿವೆಯಲ್ಲಿ ನೆಲೆಸಿರುವ ಕನ್ನಡಿಗ ಪೋಷಕರಲ್ಲಿ ಕೆಲವರು ಶಾಲೆಯಿಂದ ಮೊದಲ ಸಲ ದೇಣಿಗೆಯ ಕೋರಿಕೆ ಬಂದಾಗ ಅನುಮಾನದಿಂದ ನೋಡುವುದಕ್ಕೆ ಈ ಹಳೆಯ ಅನುಭವವೇ ಕಾರಣವೆಂದು ನನಗೆ ತೋರುತ್ತದೆ. ಅಲ್ಲಿನ ಕೋರಿಕೆ ಬೇರೆ ಬಗೆಯದು. ಪ್ರವೇಶಕ್ಕೆ ಷರತ್ತಾಗಿ ಕೊಟ್ಟ ಹಣಕ್ಕೆ ತೆರಿಗೆ ವಿನಾಯಿತಿಯೇ ಸಿಗದು. ಕೊಡದಿದ್ದರೂ ಮಗುವಿನ ಸ್ಥಾನಕ್ಕೆ ಧಕ್ಕೆಯಿಲ್ಲ. ಕೊಟ್ಟರೆ, ಉದ್ಯೋಗ ಕೊಟ್ಟ ಕಂಪನಿಯೂ ಅಷ್ಟೇ ಮೊತ್ತವನ್ನು ಸೇರಿಸುವ ವಾಡಿಕೆ ಆ ಕಣಿವೆಯ ಅನೇಕ ಸಂಸ್ಥೆಗಳಲ್ಲಿ ಇದೆ.

ಶಾಲೆ ಮತ್ತು ಅದರ ಹಣದ ಕೊರತೆ

ಸೇಂಟ್ ಫ್ರಾನ್ಸಿಸ್ ಹೈಸ್ಕೂಲನ್ನು 1955ರಲ್ಲಿ ಆರಂಭಿಸಿದವರು ಹೋಲಿ ಕ್ರಾಸ್ ಸಂಘದ ಸಹೋದರರು, ಅಂದರೆ ಪಾದ್ರಿಗಳಲ್ಲದ ಸಂನ್ಯಾಸಿಗಳು. 1837ರಲ್ಲಿ ಫ್ರಾನ್ಸಿನ ಲ ಮಾನ್ ಊರಿನಲ್ಲಿ ಬೆಸಿಲ್ ಮೊರೊ ಎಂಬ ಪಾದ್ರಿ ಕಟ್ಟಿದ ಸಂಘ ಅದು. ಇಂಡಿಯಾನಾದ ನೋಟರ್ ಡೇಮ್ ವಿಶ್ವವಿದ್ಯಾಲಯವೂ ನಮ್ಮ ನೆರೆಯ ಢಾಕಾದ ನೋಟರ್ ಡೇಮ್ ಕಾಲೇಜೂ ಆ ಸಂಘದ್ದೇ. ಬುದ್ಧಿಯನ್ನು ಬೆಳೆಸುವ ಭರದಲ್ಲಿ ಹೃದಯವನ್ನು ಬರಡಾಗಿಸಬಾರದು ಎಂಬುದು ಮೊರೊ ಅವರ ಶಿಕ್ಷಣ ಚಿಂತನೆಯ ತಿರುಳು. ಗಂಡುಮಕ್ಕಳ ಶಾಲೆಯಾಗಿ ಹುಟ್ಟಿದ ಸೇಂಟ್ ಫ್ರಾನ್ಸಿಸ್, 1972ರಲ್ಲಿ ಹೋಲಿ ಕ್ರಾಸ್ ಬಾಲಕಿಯರ ಶಾಲೆಯೊಡನೆ ಕೂಡಿಕೊಂಡು ಸಹಶಿಕ್ಷಣದ ಶಾಲೆಯಾಯಿತು. 2017ರ ಹೊತ್ತಿಗೆ ಅಲ್ಲಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಸುಮಾರು 1,750 ಮಕ್ಕಳು ಓದುತ್ತಿದ್ದರು. ವಾರ್ಷಿಕ ಶುಲ್ಕ 17,000 ಡಾಲರಿನಷ್ಟಿತ್ತು.

ಇಷ್ಟು ಶುಲ್ಕ ತೆಗೆದುಕೊಂಡೂ ದೇಣಿಗೆ ಏಕೆ ಬೇಕು ಎಂದು ಕೇಳುವುದು ಸಹಜ. ಉತ್ತರ ತಿಳಿಯಬೇಕಾದರೆ ಅಮೆರಿಕದ ಕ್ಯಾಥೊಲಿಕ್ ಶಾಲೆಗಳ ಅರವತ್ತು ವರ್ಷಗಳ ಇತಿಹಾಸವನ್ನು ನೋಡಬೇಕು. 1960ರ ದಶಕದ ಆರಂಭದಲ್ಲಿ ಆ ದೇಶದ ಕ್ಯಾಥೊಲಿಕ್ ಶಾಲೆಗಳಲ್ಲಿ 52 ಲಕ್ಷ ಮಕ್ಕಳು ಓದುತ್ತಿದ್ದರು. ಪಾಠ ಹೇಳುತ್ತಿದ್ದವರಲ್ಲಿ ಹೆಚ್ಚಿನವರು ಸಂನ್ಯಾಸಿನಿಯರು, ಸಹೋದರರು, ಪಾದ್ರಿಗಳು. ಅವರು ಪಡೆಯುತ್ತಿದ್ದುದು ಜೀವನಾಂಶವೇ ಹೊರತು ಸಂಬಳವೆನ್ನುವಂಥದ್ದಲ್ಲ. 1965ರಲ್ಲಿ ಅಮೆರಿಕದಲ್ಲಿ ಸುಮಾರು 1,80,000 ಸಂನ್ಯಾಸಿನಿಯರಿದ್ದರು. 2017ರ ವೇಳೆಗೆ ಆ ಸಂಖ್ಯೆ 50,000ಕ್ಕಿಂತ ಕೆಳಗಿಳಿದಿತ್ತು, ಇದ್ದವರಲ್ಲಿಯೂ ಬಹುಪಾಲು ವೃದ್ಧರು. ಅವರ ಜಾಗಕ್ಕೆ ಮನೆ, ಮಕ್ಕಳು, ಬಾಡಿಗೆ, ಆರೋಗ್ಯವಿಮೆಯ ಹೊಣೆಯುಳ್ಳ ಸಾಮಾನ್ಯ ಶಿಕ್ಷಕರು ಬಂದರು, ಬರಲೇಬೇಕಾಗಿತ್ತು. ಶುಲ್ಕ ಏರಿತು, ಏರಿದ ಶುಲ್ಕವನ್ನು ಕಟ್ಟಲಾಗದವರು ದೂರವಾದರು, ಶಾಲೆಗಳು ಮುಚ್ಚಿದವು. 2017ರ ಹೊತ್ತಿಗೆ ಉಳಿದದ್ದು 6,400ರಷ್ಟು ಶಾಲೆಗಳು, ಸುಮಾರು 19 ಲಕ್ಷ ಮಕ್ಕಳು. ಒಂದು ಕಾಲದಲ್ಲಿ ಸಂನ್ಯಾಸಿನಿಯರ ದುಡಿಮೆಯೇ ಈ ಶಾಲೆಗಳ ಕಾಣದ ಇಡುಗಂಟಾಗಿತ್ತು. ಅದು ಕರಗಿದ ಮೇಲೆ ವಸಂತದ ಔತಣಕೂಟ ಅನಿವಾರ್ಯವಾಯಿತು.

ಸರ್ಕಾರದ ನೇರ ನೆರವು ಬರುವ ದಾರಿಯೂ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಮತಸಂಸ್ಥೆಗಳ ಶಾಲೆಗೆ ಸಾರ್ವಜನಿಕ ಹಣ ಕೊಡಬಾರದೆಂದು ಆ ರಾಜ್ಯದ ಸಂವಿಧಾನವೇ ಹೇಳುತ್ತದೆ. ಪೋಷಕರ ಕೈಗೆ ಸರ್ಕಾರಿ ವೋಚರ್ ಕೊಟ್ಟು ಅವರು ಬಯಸಿದ ಶಾಲೆಗೆ ಮಕ್ಕಳನ್ನು ಕಳುಹಿಸಲಿ ಎಂಬ ಪ್ರಸ್ತಾವ 1993ರಲ್ಲೂ 2000ದಲ್ಲೂ ಮತದಾರರ ಮುಂದೆ ಬಂದಿತ್ತು. ಎರಡೂ ಸಲ ನೂರಕ್ಕೆ ಎಪ್ಪತ್ತರಷ್ಟು ಜನ ತಿರಸ್ಕರಿಸಿದರು. ಎರಡನೆಯ ಸಲ ಅದರ ಹಿಂದೆ ನಿಂತು ಹಣ ಸುರಿದವರು ಟಿಮ್ ಡ್ರೇಪರ್, ಹೊಸ ಕಂಪನಿಗಳಲ್ಲಿ ಹಣ ತೊಡಗಿಸುವ ಸಿಲಿಕಾನ್ ಕಣಿವೆಯ ವೆಂಚರ್ ಬಂಡವಾಳಗಾರರು. ಮತಪೆಟ್ಟಿಗೆಯ ಮೂಲಕ ಬಾರದ ನೆರವು ಸೇಂಟ್ ಫ್ರಾನ್ಸಿಸ್ ಶಾಲೆಗೆ ಅದೇ ವೃತ್ತಿಯವರ ಮೂಲಕ ಬೇರೊಂದು ದಾರಿಯಲ್ಲಿ ಬಂತು.

ಪೋಷಕರು ಕಟ್ಟಿದ ನಿಧಿ

1990ರಲ್ಲಿ ಶಾಲೆಯ ಕೆಲವು ಕುಟುಂಬಗಳು ಸೇರಿ 'ಸೇಂಟ್ ಫ್ರಾನ್ಸಿಸ್ ಗ್ರೋತ್ ಫಂಡ್' ಎಂಬ ನಿಧಿಯನ್ನು ಆರಂಭಿಸಿದವು. ಸುತ್ತಲಿನ ಊರುಗಳಲ್ಲಿ ಹುಟ್ಟುತ್ತಿದ್ದ ಹೊಸ ಕಂಪನಿಗಳಲ್ಲಿ ಶಾಲೆಯ ಹೆಸರಿನಲ್ಲಿ ಸಣ್ಣ ಸಣ್ಣ ಮೊತ್ತವನ್ನು ತೊಡಗಿಸುವುದು ಅದರ ಉದ್ದೇಶ. ಇಂಥ ಹೂಡಿಕೆಯ ಬಾಗಿಲು ಸಾಮಾನ್ಯರಿಗೆ ತೆರೆದಿರುವುದಿಲ್ಲ. ಒಳಗಿರುವವರು ಕರೆದರೆ ಮಾತ್ರ ಪ್ರವೇಶ. ಶಾಲೆಯನ್ನು ಒಳಗೆ ಕರೆದವರು ಪೋಷಕರು. ಹಣಕ್ಕಿಂತ ಹೆಚ್ಚಾಗಿ ಅವರು ದೇಣಿಗೆಯಾಗಿ ಕೊಟ್ಟದ್ದು ತಮ್ಮ ಪರಿಚಯವನ್ನು, ತಮ್ಮ ವೃತ್ತಿಯ ತಿಳಿವಳಿಕೆಯನ್ನು. ಬೇಕರಿಯವರು ಔತಣಕ್ಕೆ ಕೇಕ್ ಕೊಟ್ಟ ಹಾಗೆ, ಪ್ಲಂಬರ್ ಶಾಲೆಯ ನಲ್ಲಿ ರಿಪೇರಿ ಮಾಡಿಕೊಟ್ಟ ಹಾಗೆ, ಬಂಡವಾಳದ ವ್ಯವಹಾರ ಬಲ್ಲವರು ತಮಗೆ ಗೊತ್ತಿದ್ದ ಕೆಲಸವನ್ನು ಮಾಡಿಕೊಟ್ಟರು.

2012ರ ಸಂಗತಿ ನಡೆದದ್ದೂ ಹಾಗೆಯೇ. ಲೈಟ್‌ಸ್ಪೀಡ್ ವೆಂಚರ್ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಬ್ಯಾರಿ ಎಗರ್ಸ್ ಈ ಶಾಲೆಯ ಪೋಷಕರಾಗಿದ್ದರು. ಹೈಸ್ಕೂಲಿನಲ್ಲಿದ್ದ ಅವರ ಮಗಳೂ ಅವಳ ಗೆಳತಿಯರೂ ಒಂದು ಹೊಸ ಆ್ಯಪ್‌ನಲ್ಲಿ ಚಿತ್ರಗಳನ್ನು ಕಳುಹಿಸಿಕೊಳ್ಳುತ್ತ ನಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ಮಕ್ಕಳ ನಡುವೆ ಆಗ ಹೆಚ್ಚು ಬಳಕೆಯಲ್ಲಿದ್ದ ಆ್ಯಪ್‌ಗಳು ಯಾವುವೆಂದು ಕೇಳಿದಾಗ ಆ್ಯಂಗ್ರಿ ಬರ್ಡ್ಸ್, ಇನ್‌ಸ್ಟಾಗ್ರಾಮ್‌ಗಳ ಜೊತೆಗೆ ಸ್ನ್ಯಾಪ್‌ಚಾಟ್ ಹೆಸರೂ ಬಂತು. ಮೊದಲಿನ ಎರಡನ್ನು ಎಲ್ಲರೂ ಬಲ್ಲವರೇ. ಮೂರನೆಯದನ್ನು ಹೂಡಿಕೆದಾರರು ಆಗಿನ್ನೂ ಅಷ್ಟಾಗಿ ಕೇಳಿರಲಿಲ್ಲ. ಎಗರ್ಸ್ ಅವರ ಸಹೋದ್ಯೋಗಿ ಜೆರೆಮಿ ಲ್ಯೂ ಆ ಕಂಪನಿಯ ಸ್ಥಾಪಕರನ್ನು ಹುಡುಕಿ ಹೋದರು. ಲೈಟ್‌ಸ್ಪೀಡ್ 4,85,000 ಡಾಲರ್ ತೊಡಗಿಸಿತು. ಸೇಂಟ್ ಫ್ರಾನ್ಸಿಸ್ ಶಾಲೆಗೂ ಅದರ ಜೊತೆಯಲ್ಲಿ 15,000 ಹಾಕಲು ಎಗರ್ಸ್ ಅವಕಾಶ ಮಾಡಿಕೊಟ್ಟರು.

ಇಲ್ಲಿ ಅದೃಷ್ಟದ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಹೊಸ ಕಂಪನಿಗಳಲ್ಲಿ ಹೆಚ್ಚಿನವು ಹಾಕಿದ ಹಣವನ್ನೂ ಮರಳಿಸದೆ ಕಣ್ಮರೆಯಾಗುತ್ತವೆ, ಮತ್ತು ಶಾಲೆಯೊಂದು ತನ್ನ ಹಣವನ್ನು ಇಂಥಲ್ಲಿ ಹಾಕುವುದು ಸರಿಯೇ ಎಂಬ ಪ್ರಶ್ನೆ ಗಂಭೀರವಾದದ್ದು. ಆದರೆ ಮೊತ್ತವನ್ನು ಗಮನಿಸಬೇಕು. ಹದಿನೈದು ಸಾವಿರ ಡಾಲರ್ ಅಂದರೆ ಒಂದು ಮಗುವಿನ ಒಂದು ವರ್ಷದ ಶುಲ್ಕದ ಸುತ್ತಮುತ್ತಲಿನ ಹಣ. ಅಷ್ಟೂ ಮುಳುಗಿಹೋಗಿದ್ದರೂ ಯಾವ ಶಿಕ್ಷಕರ ಸಂಬಳವೂ ನಿಲ್ಲುತ್ತಿರಲಿಲ್ಲ. ಆ ಹೂಡಿಕೆಯಲ್ಲಿ ನನಗೆ ಮೆಚ್ಚುಗೆಯಾಗುವುದು ಈ ಅಳತೆಯ ಪ್ರಜ್ಞೆ. 1990ರಿಂದ 2012ರವರೆಗೆ ಇಪ್ಪತ್ತೆರಡು ವರ್ಷ ಆ ನಿಧಿಯನ್ನು ಒಂದು ತಲೆಮಾರಿನ ಪೋಷಕರು ಇನ್ನೊಂದು ತಲೆಮಾರಿಗೆ ದಾಟಿಸುತ್ತ ಬಂದಿದ್ದರಿಂದಲೇ ಸ್ನ್ಯಾಪ್‌ಚಾಟ್ ಎದುರಾದ ದಿನ ಶಾಲೆಯ ಬಳಿ ಹೂಡುವ ವ್ಯವಸ್ಥೆ ಸಿದ್ಧವಿತ್ತು.

ಮಾರಿದ ಬೆಲೆ

ವಹಿವಾಟಿನ ಮೊದಲ ದಿನ ಸ್ನ್ಯಾಪ್ ಷೇರು 24.48 ಡಾಲರಿನಲ್ಲಿ ನಿಂತಿತು. ಶಾಲೆಗೆ ಸಿಕ್ಕದ್ದು ವಹಿವಾಟಿಗೆ ಮುನ್ನ ನಿಗದಿಯಾಗಿದ್ದ ಬೆಲೆಯಾದ 17. ಒಂದೇ ದಿನದಲ್ಲಿ ಕಾಗದದ ಮೇಲೆ ಒಂದು ಕೋಟಿ ಡಾಲರಿಗೂ ಹೆಚ್ಚು ಕೈತಪ್ಪಿತೆಂದು ಯಾರಾದರೂ ಲೆಕ್ಕ ಹಾಕಿರಬಹುದು. ಅದೇ ವರ್ಷ ಜುಲೈನಲ್ಲಿ ಷೇರು 17ಕ್ಕಿಂತ ಕೆಳಗಿಳಿಯಿತು. 2018ರ ಡಿಸೆಂಬರಿನಲ್ಲಿ ಐದು ಡಾಲರಿನ ಆಸುಪಾಸಿಗೆ ಬಂತು; ಮಾರದೆ ಉಳಿಸಿಕೊಂಡಿದ್ದರೆ ಆ 14 ಲಕ್ಷ ಷೇರುಗಳ ಬೆಲೆ ಆಗ 70 ಲಕ್ಷ ಡಾಲರ್. 2021ರ ಸೆಪ್ಟೆಂಬರಿನಲ್ಲಿ ಅದೇ ಷೇರು 80 ಡಾಲರನ್ನು ದಾಟಿತು. ಆಗಿನ ಬೆಲೆ 11 ಕೋಟಿ ಡಾಲರಿಗೂ ಮೇಲೆ. ಮರುವರ್ಷ ಮತ್ತೆ ಹತ್ತರ ಕೆಳಗೆ.

ಈ ಏರಿಳಿತವನ್ನು ಮುಂದಿಟ್ಟುಕೊಂಡು ಶಾಲೆ ಸರಿ ಮಾಡಿತೋ ತಪ್ಪು ಮಾಡಿತೋ ಎಂದು ವಾದಿಸುವವರು ಶಾಲೆಯ ಆಡಳಿತ ಮಂಡಳಿಯನ್ನು ಷೇರುಪೇಟೆಯ ಆಟಗಾರನ ಸ್ಥಾನದಲ್ಲಿ ನಿಲ್ಲಿಸುತ್ತಾರೆ. ಒಂದೇ ಕಂಪನಿಯ ಷೇರಿನಲ್ಲಿ ಇಡೀ ಇಡುಗಂಟು ಕುಳಿತಿರುವುದು ಯಾವ ಧರ್ಮಾರ್ಥ ಸಂಸ್ಥೆಗೂ ಕ್ಷೇಮವಲ್ಲ, ಅದು ಎಷ್ಟೇ ಒಳ್ಳೆಯ ಕಂಪನಿಯಾಗಿರಲಿ. ಮೂರನೇ ಎರಡು ಪಾಲನ್ನು ಮೊದಲ ಅವಕಾಶದಲ್ಲೇ ಮಾರಿ ಮೂರನೇ ಒಂದು ಪಾಲನ್ನು ಉಳಿಸಿಕೊಂಡದ್ದು ಶಾಲೆಗೆ ತಕ್ಕ ನಿರ್ಧಾರವಾಗಿತ್ತೆಂದು ನಾನು ಒಪ್ಪುತ್ತೇನೆ. ಅನಂತರದ ಯಾವ ಬೆಲೆಯೂ ಆ ಅಭಿಪ್ರಾಯವನ್ನು ಬದಲಿಸಿಲ್ಲ.

ನನ್ನ ಮನಸ್ಸನ್ನು ಕಾಡುವುದು ಇನ್ನೊಂದು ಪ್ರಶ್ನೆ. ಸ್ನ್ಯಾಪ್‌ಚಾಟ್ ಮಕ್ಕಳ ಕೈಗೆ ಕೊಟ್ಟದ್ದು ಕಳುಹಿಸಿದ ಕೆಲವೇ ಕ್ಷಣಗಳಲ್ಲಿ ಮಾಯವಾಗುವ ಚಿತ್ರಗಳನ್ನು. ಆ ಸೌಲಭ್ಯದ ದುರುಪಯೋಗದ ಬಗ್ಗೆ ಪೋಷಕರಲ್ಲಿ ಆತಂಕ ಆರಂಭದಿಂದಲೂ ಇತ್ತು. ಚಿತ್ರಗಳು ನಿಜವಾಗಿ ಮಾಯವಾಗುತ್ತವೆ ಎಂಬ ಕಂಪನಿಯ ಭರವಸೆ ದಾರಿತಪ್ಪಿಸುವಂಥದ್ದು ಎಂದು ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತ್ತು, 2014ರ ಮೇ ತಿಂಗಳಲ್ಲಿ ಕಂಪನಿ ಆ ಆರೋಪಗಳನ್ನು ರಾಜಿಯಲ್ಲಿ ಬಗೆಹರಿಸಿಕೊಂಡಿತು. ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಪರಿಷತ್ತು 2003ರಲ್ಲೇ ಹೊಣೆಗಾರಿಕೆಯ ಹೂಡಿಕೆಗೆ ಮಾರ್ಗಸೂಚಿಗಳನ್ನು ಕೊಟ್ಟಿದೆ. 2021ರಲ್ಲಿ ಅವನ್ನು ಪರಿಷ್ಕರಿಸಿದೆ. ಹದಿಹರೆಯದ ಮಕ್ಕಳನ್ನು ಬೆಳೆಸುವ ಶಾಲೆ, ಅದೇ ಮಕ್ಕಳ ಗಮನವನ್ನು ಸರಕಾಗಿಸಿಕೊಂಡ ಕಂಪನಿಯಿಂದ ಲಾಭ ಪಡೆಯಬಹುದೇ? ಶಾಲೆಗೆ ಆ ಕಂಪನಿಯ ಮೇಲೆ ಯಾವ ಹಿಡಿತವೂ ಇರಲಿಲ್ಲ, ಮತ್ತು 2012ರಲ್ಲಿ ಅದು ಮುಂದೆ ಏನಾಗುತ್ತದೆ ಎಂದು ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಹಣವನ್ನು ತಿರಸ್ಕರಿಸಬೇಕಿತ್ತೆಂದು ನಾನು ಹೇಳಲಾರೆ. ಆದರೆ ಹಣ ಬಂದ ಮೇಲೆ, ಅದರ ಒಂದು ಸಣ್ಣ ಭಾಗವಾದರೂ ಮಕ್ಕಳು ಮತ್ತು ಮೊಬೈಲ್ ಫೋನಿನ ಸಂಬಂಧವನ್ನು ಸರಿಯಾಗಿ ಕಲಿಸುವುದಕ್ಕೆ ಸಲ್ಲುವುದು ಮೊರೊ ಅವರ ಚಿಂತನೆಗೆ ಒಪ್ಪುವ ಮಾತೆಂದು ನನ್ನ ನಂಬಿಕೆ.

ಇನ್ನೂ ಏಕೆ ಕೇಳಬೇಕು

ಶಾಲೆಯ ಅಂದಿನ ಅಧ್ಯಕ್ಷ ಸೈಮನ್ ಚಿಯು ಪೋಷಕರಿಗೆ ಪತ್ರ ಬರೆದು ಈ ಹೂಡಿಕೆಯ ವಿಷಯವನ್ನು ತಿಳಿಸಿದರು. ಶುಲ್ಕ ನೆರವು, ಶಿಕ್ಷಕರ ವೃತ್ತಿ ತರಬೇತಿ, ಶಾಲೆಯ ಕಾರ್ಯಕ್ರಮಗಳು ಆಗ ಮುಂದಿಟ್ಟ ಆದ್ಯತೆಗಳು. ಇಂಥ ಪತ್ರವನ್ನು ಬರೆಯುವುದು ಸುಲಭದ ಕೆಲಸವಲ್ಲ. ಸಂತೋಷವನ್ನು ಮುಚ್ಚಿಟ್ಟರೆ ಅಪ್ರಾಮಾಣಿಕತೆ, ಅತಿಯಾಗಿ ತೋರಿದರೆ ಮುಂದಿನ ತಿಂಗಳು ಹಲಗೆ ಎತ್ತಬೇಕಾದ ಕೈಗಳು ಮೇಜಿನ ಕೆಳಗೇ ಉಳಿಯುತ್ತವೆ. 'ನಿಮಗೆ ಇನ್ನೂರ ನಲವತ್ತು ಲಕ್ಷ ಬಂದಿದೆ, ನನ್ನ ಇನ್ನೂರು ಡಾಲರ್ ಏಕೆ?' ಎಂದು ಕೇಳುವ ಪೋಷಕರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅದಕ್ಕೆ ಅಂಕಿಗಳಲ್ಲಿಯೇ ಉತ್ತರ ಕೊಡಬೇಕು.

1,750 ಮಕ್ಕಳು ತಲಾ 17,000 ಡಾಲರ್ ಶುಲ್ಕ ಪೂರ್ತಿಯಾಗಿ ಕಟ್ಟಿದರೆ ವರ್ಷಕ್ಕೆ ಸುಮಾರು ಮೂರು ಕೋಟಿ ಡಾಲರ್ ಆಗುತ್ತದೆ. ಜಗತ್ತೇ ಬೆರಗಾಗಿ ನೋಡಿದ 2.4 ಕೋಟಿ ಡಾಲರ್, ಅಂದರೆ, ಶಾಲೆಯ ಒಂದು ವರ್ಷದ ಪೂರ್ಣ ಶುಲ್ಕಕ್ಕೂ ಸಾಲದು. ಅದನ್ನು ಇದ್ದಹಾಗೇ ಖರ್ಚು ಮಾಡಿದರೆ ಹತ್ತು ತಿಂಗಳಲ್ಲಿ ಮುಗಿಯುತ್ತದೆ. ಇಡುಗಂಟಾಗಿ ಇಟ್ಟು, ಮೂಲವನ್ನು ಕಾಯ್ದುಕೊಂಡು, ವರ್ಷಕ್ಕೆ ನೂರಕ್ಕೆ ನಾಲ್ಕೂವರೆಯಂತೆ ಬಳಸಿದರೆ ಸಿಗುವುದು 10.8 ಲಕ್ಷ ಡಾಲರ್. ನಾಲ್ಕರಿಂದ ಐದು ಎಂಬುದು ಇಂಥ ಸಂಸ್ಥೆಗಳಲ್ಲಿ ರೂಢಿಯ ಪ್ರಮಾಣ. ದಾನಿಗಳು ಷರತ್ತಿನೊಡನೆ ಕೊಟ್ಟ ಇಡುಗಂಟಿನಿಂದ ವರ್ಷಕ್ಕೆ ನೂರಕ್ಕೆ ಏಳಕ್ಕಿಂತ ಹೆಚ್ಚು ತೆಗೆದರೆ ಅದು ವಿವೇಕದ ಖರ್ಚಲ್ಲವೆಂದೇ ಕ್ಯಾಲಿಫೋರ್ನಿಯಾದ ಕಾನೂನು ಮೇಲ್ನೋಟಕ್ಕೆ ಭಾವಿಸುತ್ತದೆ. 10.8 ಲಕ್ಷವನ್ನು ಎಲ್ಲ ಮಕ್ಕಳಿಗೂ ಹಂಚಿದರೆ ತಲೆಗೆ 617 ಡಾಲರ್, ಶುಲ್ಕದಲ್ಲಿ ನೂರಕ್ಕೆ ನಾಲ್ಕು ಪಾಲೂ ಇಲ್ಲ. ಹಾಗೆ ಹಂಚುವುದು ಹಣವನ್ನು ನೀರಿನಲ್ಲಿ ಹುಣಸೆಹಣ್ಣು ತೊಳೆದಂತೆ ಕಳೆಯುವುದೇ ಸರಿ. ಬದಲಿಗೆ ಅಷ್ಟನ್ನೂ ಪೂರ್ಣ ಶುಲ್ಕ ನೆರವಿಗೆ ಮೀಸಲಿಟ್ಟರೆ 63 ಮಕ್ಕಳು ಓದಬಹುದು. ನಾಲ್ಕು ತರಗತಿಗಳಿಗೆ ಹಂಚಿದರೆ ತರಗತಿಗೆ ಹದಿನಾರು.

ಇದು ಶಾಲೆ ಪ್ರಕಟಿಸಿದ ಲೆಕ್ಕವಲ್ಲ, ತಿಳಿದಿರುವ ಅಂಕಿಗಳಿಂದ ನಾನು ಮಾಡಿಕೊಂಡದ್ದು. ಆದರೂ ಪೋಷಕರ ಮುಂದೆ ಇಡಬೇಕಾದದ್ದು ಇದೇ ಬಗೆಯ ಲೆಕ್ಕ. ಪ್ರತಿ ವರ್ಷವೂ ಹದಿನಾರು ಮಕ್ಕಳು, ಶಾಲೆ ಇರುವಷ್ಟು ಕಾಲ. ಇದು ದೊಡ್ಡ ಸಂಗತಿ, ಮತ್ತು ಇಷ್ಟೇ ಸಂಗತಿ. ಹದಿನೇಳನೆಯ ಮಗುವಿಗೆ ವಸಂತದ ದೇಣಿಗೆ ಬೇಕೇ ಬೇಕು. ಶುಲ್ಕ ಏರುತ್ತ ಹೋದಂತೆ, ಇಡುಗಂಟು ಅದೇ ವೇಗದಲ್ಲಿ ಬೆಳೆಯದಿದ್ದರೆ, ಹದಿನಾರೂ ಕೆಲವು ವರ್ಷಗಳಲ್ಲಿ ಹನ್ನೆರಡಾಗುತ್ತದೆ.

ದೊಡ್ಡ ದಾನದ ಬಲದಲ್ಲಿಯೇ ಹುಟ್ಟಿದ ಶಾಲೆಯೂ ಕೇಳುವುದನ್ನು ಬಿಟ್ಟಿಲ್ಲ ಎಂಬುದಕ್ಕೆ ನ್ಯೂಯಾರ್ಕಿನ ರೀಜಿಸ್ ಹೈಸ್ಕೂಲು ಸಾಕ್ಷಿ. ನಗರದ ಮಾಜಿ ಮೇಯರ್ ಹ್ಯೂ ಗ್ರಾಂಟ್ ಅವರ ಪತ್ನಿ ಜೂಲಿಯಾ ಗ್ರಾಂಟ್ ಹೆಸರು ಹೇಳಿಕೊಳ್ಳದೆ ಕೊಟ್ಟ ಹಣದಿಂದ 1914ರಲ್ಲಿ ಜೆಸ್ಯೂಟ್ ಸಂಘದ ಪಾದ್ರಿಗಳು ಆರಂಭಿಸಿದ ಆ ಶಾಲೆಯಲ್ಲಿ ಇಂದಿಗೂ ಯಾವ ವಿದ್ಯಾರ್ಥಿಯೂ ಶುಲ್ಕ ಕಟ್ಟುವುದಿಲ್ಲ. ಆದರೆ ಆ ಮೂಲದಾನವೊಂದೇ ಅದನ್ನು ಇಲ್ಲಿಯವರೆಗೆ ನಡೆಸಿಕೊಂಡು ಬಂದಿಲ್ಲ; ಪ್ರತಿ ವರ್ಷ ಹಳೆಯ ವಿದ್ಯಾರ್ಥಿಗಳಿಂದ ಕೇಳಿ ಪಡೆದ ಹಣದಿಂದಲೇ ಉಚಿತ ಶಿಕ್ಷಣ ಉಳಿದಿದೆ. ಇನ್ನೊಂದು ಬದಿಯ ಉದಾಹರಣೆ ಬಾಲ್ಟಿಮೋರಿನ ಇನ್‌ಸ್ಟಿಟ್ಯೂಟ್ ಆಫ್ ನೋಟರ್ ಡೇಮ್. 1847ರಲ್ಲಿ ಸಂನ್ಯಾಸಿನಿಯರು ಕಟ್ಟಿದ ಆ ಬಾಲಕಿಯರ ಶಾಲೆಯಲ್ಲಿ ಮಾಜಿ ಸೆನೆಟರ್ ಬಾರ್ಬರಾ ಮಿಕುಲ್ಸ್ಕಿ, ಅಮೆರಿಕ ಸಂಸತ್ತಿನ ಕೆಳಮನೆಯ ಮಾಜಿ ಸ್ಪೀಕರ್ ನ್ಯಾನ್ಸಿ ಪೆಲೋಸಿ ಓದಿದ್ದರು. 2020ರ ವಸಂತದಲ್ಲಿ, ಕೊರೊನಾದಿಂದ ದೇಶದ ಶಾಲೆಗಳ ಔತಣಕೂಟಗಳೂ ಗ್ರ್ಯಾಜುಯೇಷನ್‌ಗಳೂ ಒಟ್ಟಿಗೆ ನಿಂತುಹೋಗಿದ್ದ ದಿನಗಳಲ್ಲಿ, ಶಾಲೆ ಮುಚ್ಚುತ್ತದೆಂಬ ಪ್ರಕಟಣೆ ಹೊರಬಿತ್ತು. ಅದರ ಕಷ್ಟಗಳು ಕೊರೊನಾಕ್ಕಿಂತ ಹಳೆಯವು. ಆದರೂ 173 ವರ್ಷ ನಡೆದ ಶಾಲೆಯೊಂದರ ಕೊನೆಯ ತಂಡ ಹೊರಬಿದ್ದದ್ದು ಅಂಥ ವಸಂತದಲ್ಲಿ ಎಂಬುದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.

ಗ್ರ್ಯಾಜುಯೇಷನ್

ಮೇ ತಿಂಗಳ ಕೊನೆಗೆ ಅಥವಾ ಜೂನ್ ಮೊದಲಿಗೆ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಹನ್ನೆರಡನೆಯ ತರಗತಿಯವರ ಬೀಳ್ಕೊಡುಗೆ ನಡೆಯುತ್ತದೆ. ಮೊದಲು ಬಲಿಪೂಜೆ ಎಂದು ಕರೆಯುವ ಚರ್ಚಿನ ಪ್ರಾರ್ಥನೆ (ಮಾಸ್), ಅನಂತರ ನಿಲುವಂಗಿ ತೊಟ್ಟು ಚೌಕದ ಟೊಪ್ಪಿಗೆ ಧರಿಸಿದ ಮಕ್ಕಳ ಮೆರವಣಿಗೆ, ಒಬ್ಬೊಬ್ಬರ ಹೆಸರನ್ನೂ ಕೂಗಿ ಪ್ರಮಾಣಪತ್ರ ಕೊಡುವುದು. ನಮ್ಮಲ್ಲಿ ವಿಶ್ವವಿದ್ಯಾಲಯದ ಘಟಿಕೋತ್ಸವಕ್ಕಿರುವ ಗಾಂಭೀರ್ಯವೆಲ್ಲ ಅಲ್ಲಿ ಹೈಸ್ಕೂಲಿನ ಈ ದಿನಕ್ಕಿದೆ. ಹಲವು ಶಾಲೆಗಳಲ್ಲಿ ಈ ಸಮಾರಂಭದ ಮುಂದಿನ ಸಾಲಿನ ಆಸನಗಳನ್ನೂ ವಾಹನ ನಿಲ್ಲಿಸುವ ಜಾಗವನ್ನೂ ವಸಂತದ ಹರಾಜಿನಲ್ಲಿ ಮಾರುತ್ತಾರೆ. ಅದರಿಂದ ಒಳ್ಳೆಯ ಹಣ ಬರುತ್ತದೆಂಬುದು ನಿಜವೇ. ಆದರೂ ನನಗೆ ಈ ಪದ್ಧತಿ ಒಪ್ಪಿಗೆಯಾಗಿಲ್ಲ. ಶುಲ್ಕ ನೆರವಿನಲ್ಲಿ ಓದಿದ ಹುಡುಗನ ತಾಯಿ, ನಾಲ್ಕು ವರ್ಷ ಎರಡೆರಡು ಕೆಲಸ ಮಾಡಿ ಉಳಿದ ಪಾಲನ್ನು ಕಟ್ಟಿದವಳು, ಆ ಒಂದು ದಿನ ಹಿಂದಿನ ಸಾಲಿನಿಂದ ಕತ್ತು ಚಾಚಿ ಮಗನನ್ನು ನೋಡಬೇಕಾಗಬಾರದು. ಬೇರೆ ಯಾವುದನ್ನು ಬೇಕಾದರೂ ಹರಾಜಿಗೆ ಇಡಲಿ.

ಹಣ ಕೂಡಿಸುವವರ ಕಣ್ಣಿಗೆ ಗ್ರ್ಯಾಜುಯೇಷನ್ ಒಂದು ಕವಲುದಾರಿ. ಅಂದಿಗೆ ಪೋಷಕರು ಶಾಲೆಯ ದೈನಂದಿನ ನಂಟಿನಿಂದ ಹೊರಗೆ ಹೋಗುತ್ತಾರೆ, ಮಕ್ಕಳು ಹಳೆಯ ವಿದ್ಯಾರ್ಥಿಗಳ ಪಟ್ಟಿಗೆ ಸೇರುತ್ತಾರೆ. ಪೋಷಕರ ಕೈಯಲ್ಲಿ ಆಗ ಹಣವಿರುತ್ತದೆ, ಆದರೆ ನಂಟು ಸಡಿಲವಾಗತೊಡಗುತ್ತದೆ. ಮಕ್ಕಳಿಗೆ ನಂಟು ಗಟ್ಟಿ, ಆದರೆ ಹಣ ಬರಲು ಇನ್ನೂ ಹದಿನೈದು ಇಪ್ಪತ್ತು ವರ್ಷ ಬೇಕು. ಈ ನಡುವಿನ ಕಾಲವನ್ನು ದಾಟಲು ಅನೇಕ ಶಾಲೆಗಳು ಕೊನೆಯ ವರ್ಷದ ಪೋಷಕರೆಲ್ಲ ಸೇರಿ ಒಂದು ಕೊಡುಗೆಯನ್ನು ಬಿಟ್ಟುಹೋಗುವ ಪದ್ಧತಿಯನ್ನು ಇಟ್ಟುಕೊಂಡಿವೆ. ಸೇಂಟ್ ಫ್ರಾನ್ಸಿಸ್‌ನ ಗ್ರೋತ್ ಫಂಡ್ ಈ ಸಡಿಲವನ್ನು ಬೇರೊಂದು ರೀತಿಯಲ್ಲಿ ಬಿಗಿಗೊಳಿಸಿತು. 1990ರ ಪೋಷಕರ ಮಕ್ಕಳು ಎಂದೋ ಶಾಲೆ ಬಿಟ್ಟು ಹೋಗಿದ್ದರು, ಅವರು ನೆಟ್ಟ ನಿಧಿ ಮಾತ್ರ ಉಳಿದಿತ್ತು.

ಕಾಲದ ಲೆಕ್ಕವನ್ನೂ ಒಮ್ಮೆ ನೋಡಬೇಕು. 2012ರ ವಸಂತದಲ್ಲಿ 15,000 ಡಾಲರ್ ಹೊರಹೋದಾಗ ಶಾಲೆಯಲ್ಲಿದ್ದ ಮಕ್ಕಳಲ್ಲಿ ಅತಿ ಕಿರಿಯರು ಒಂಬತ್ತನೆಯ ತರಗತಿಯವರು. ಅವರು ಗ್ರ್ಯಾಜುಯೇಟ್ ಆದದ್ದು 2015ರಲ್ಲಿ. ಹಣ ಮರಳಿ ಬಂದದ್ದು 2017ರಲ್ಲಿ. ಆಗ ಹನ್ನೆರಡನೆಯ ತರಗತಿಯಲ್ಲಿದ್ದವರು ಶಾಲೆಗೆ ಕಾಲಿಟ್ಟದ್ದೇ 2013ರ ಆಗಸ್ಟಿನಲ್ಲಿ. ಅಂದರೆ ಆ ಆ್ಯಪ್‌ನ್ನು ತೋರಿಸಿಕೊಟ್ಟ ಹುಡುಗಿಯರಾಗಲಿ, ಅವರ ಸಹಪಾಠಿಗಳಾಗಲಿ, ಆಗ ಶಾಲೆಯಲ್ಲಿದ್ದ ಅವರಿಗಿಂತ ಕಿರಿಯರಾಗಲಿ, ಒಬ್ಬರೂ ಆ ಹಣದ ಒಂದು ಡಾಲರನ್ನೂ ವಿದ್ಯಾರ್ಥಿಯಾಗಿ ಅನುಭವಿಸಲಿಲ್ಲ. 2017ರ ತಂಡದವರೂ ಮೇ ತಿಂಗಳಲ್ಲಿ ಹೊರಟುಹೋದರು. ಆ ವರ್ಷದ ಆಗಸ್ಟಿನಲ್ಲಿ ಒಂಬತ್ತನೆಯ ತರಗತಿಗೆ ಬಂದವರು, ಹೂಡಿಕೆಯ ವಸಂತದಲ್ಲಿ ಮೂರನೆಯ ತರಗತಿಯಲ್ಲಿದ್ದವರು.